ಉತ್ತರದ ನೆಲ ಸಡಿಲವಾಗುತ್ತಿದೆ

ಅಲಾಸ್ಕಾದ ಫೇರ್‌ಬ್ಯಾಂಕ್ಸ್ ನಗರದ ಹೊರಗೆ, ಫಾಕ್ಸ್ ಎಂಬ ಪುಟ್ಟ ಊರಿನ ಬಳಿ, ಗುಡ್ಡದ ಬುಡದಲ್ಲೊಂದು ಬಾಗಿಲಿದೆ. ಅಮೆರಿಕದ ಸೇನೆಯ ಎಂಜಿನಿಯರುಗಳು 1960ರ ದಶಕದಲ್ಲಿ ಕೊರೆದ ಸುರಂಗದ ಬಾಗಿಲು ಅದು. ಒಳಹೊಕ್ಕವರಿಗೆ ಮೊದಲು ಎದುರಾಗುವುದು ವಾಸನೆ. ಎಂದೋ ಸತ್ತು ಪೂರ್ತಿ ಕೊಳೆಯದೆ ಉಳಿದ ಗಿಡ, ಪ್ರಾಣಿಗಳ ಕಮಟು ಅದು. ಕಣ್ಣು ಮಬ್ಬುಗತ್ತಲೆಗೆ ಹೊಂದಿಕೊಂಡ ಮೇಲೆ ಗೋಡೆಗಳಲ್ಲಿ ಒಂದೊಂದೇ ಕಾಣತೊಡಗುತ್ತದೆ: ಕಾಡೆಮ್ಮೆಯ ಕೊಂಬು, ಮ್ಯಾಮತ್‌ನ ಮೂಳೆ, ಹತ್ತಾರು ಸಾವಿರ ವರ್ಷಗಳ ಹಿಂದಿನ ಹುಲ್ಲಿನ ಬೇರು.

ಇದು ಬಂಡೆ ಕೊರೆದು ಮಾಡಿದ ಸುರಂಗವಲ್ಲ. ಸುತ್ತ ಇರುವುದೆಲ್ಲ ನಯವಾದ ಮಣ್ಣು. ಅದರ ಕಣಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವುದು ಮಂಜುಗಡ್ಡೆ. ಬೇಸಿಗೆಯಲ್ಲಿ ಯಂತ್ರಗಳಿಂದ ತಂಪು ಕಾಯದಿದ್ದರೆ ಚಾವಣಿ ಕೆಸರಾಗಿ ಇಳಿದುಬಿಡುತ್ತದೆ.

ಭೂಮಿಯ ಉತ್ತರದ ತುದಿಯ ಸುತ್ತ ಇಂಥದೇ ನೆಲ ಹಬ್ಬಿದೆ. ಅದಕ್ಕೆ ಪರ್ಮಾಫ್ರಾಸ್ಟ್ ಎಂದು ಹೆಸರು. ಹೆಪ್ಪುನೆಲ ಎಂದು ಕರೆಯೋಣ. ಅದು ಕರಗುತ್ತಿರುವ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ, ಹೆಚ್ಚಾಗಿ ‘ಕಾರ್ಬನ್ ಬಾಂಬ್’ ಎಂಬ ಶೀರ್ಷಿಕೆಯಡಿ. ಕಳೆದ ಎರಡು ಮೂರು ವರ್ಷಗಳ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಬಾಂಬಿನ ಚಿತ್ರ ಸರಿಹೊಂದುವುದಿಲ್ಲ. ಅಲ್ಲಿ ನಡೆಯುತ್ತಿರುವುದು ನಿಧಾನದ ಕೆಲಸ. ಆದರೆ ಅದು ನಿಲ್ಲುವಂಥದಲ್ಲ, ಮತ್ತು ನಾವು ಏರಿಸುವ ಪ್ರತಿ ಹತ್ತನೇ ಒಂದು ಡಿಗ್ರಿಗೂ ತಕ್ಕಂತೆ ಬೆಳೆಯುವಂಥದು.

ನೂರಹದಿನಾರು ಮೀಟರ್ ಬಾವಿ

ಹೆಪ್ಪುನೆಲವೆಂದರೆ ಹಿಮನದಿ ಎಂದು ಭಾವಿಸುವವರು ಬಹಳ. ಹಾಗಲ್ಲ. ಕನಿಷ್ಠ ಎರಡು ವರ್ಷ ಸತತವಾಗಿ ಶೂನ್ಯ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಇರುವ ಯಾವುದೇ ನೆಲ ಹೆಪ್ಪುನೆಲವೇ. ಅದು ಮಣ್ಣಿರಬಹುದು, ಮರಳಿರಬಹುದು, ಬಂಡೆಯೂ ಇರಬಹುದು. ಉತ್ತರಾರ್ಧಗೋಳದಲ್ಲಿ ಅದು ಸುಮಾರು 1.4 ಕೋಟಿ ಚದರ ಕಿಲೋಮೀಟರ್ ವ್ಯಾಪಿಸಿದೆ. ಭಾರತದಂಥ ನಾಲ್ಕು ದೇಶಗಳನ್ನು ಅದರ ಮೇಲೆ ಹಾಸಬಹುದು. ರಷ್ಯಾ, ಕೆನಡಾ, ಅಲಾಸ್ಕಾಗಳಲ್ಲಿ ಹೆಚ್ಚು. ಟಿಬೆಟ್ ಪ್ರಸ್ಥಭೂಮಿಯಲ್ಲೂ ಇದೆ.

ಅದರ ಆಳವನ್ನು ಮೊದಲು ಕಂಡದ್ದು ನೀರು ಹುಡುಕಲು ಹೊರಟವರು. ಸೈಬೀರಿಯಾದ ಯಾಕುತ್ಸ್ಕ್ ನಗರದಲ್ಲಿ ಫ್ಯೋದೊರ್ ಶೆರ್ಗಿನ್ ಎಂಬ ವ್ಯಾಪಾರಿ 1828ರಲ್ಲಿ ಬಾವಿ ತೋಡಿಸಲು ತೊಡಗಿದ. 1837ರ ಹೊತ್ತಿಗೆ ಬಾವಿ 116 ಮೀಟರ್ ಮುಟ್ಟಿತ್ತು. ನೀರು ಸಿಗಲಿಲ್ಲ, ತಳದಲ್ಲೂ ಮಣ್ಣು ಹೆಪ್ಪುಗಟ್ಟಿಯೇ ಇತ್ತು. ಮುಂದಿನ ದಶಕದಲ್ಲಿ ಅಲೆಕ್ಸಾಂಡರ್ ಫಾನ್ ಮಿಡೆನ್‌ಡಾರ್ಫ್ ಎಂಬ ವಿಜ್ಞಾನಿ ಅದೇ ಬಾವಿಗೆ ಇಳಿದು ಬೇರೆ ಬೇರೆ ಆಳಗಳಲ್ಲಿ ತಾಪಮಾನ ಅಳೆದ. ಹೆಪ್ಪುನೆಲದ ವಿಜ್ಞಾನ ಶುರುವಾದದ್ದು ಹೀಗೆ. ಉತ್ತರ ಯಾಕುತಿಯಾದ ಕೆಲವೆಡೆ ಆ ನೆಲ ಒಂದು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೆಪ್ಪುಗಟ್ಟಿದೆ ಎಂಬುದು ಈಗ ಗೊತ್ತು.

ಮೇಲ್ಪದರ ಮಾತ್ರ ಪ್ರತಿ ಬೇಸಿಗೆಯಲ್ಲಿ ಕರಗಿ, ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಹುಲ್ಲು, ಪಾಚಿ, ಕುರುಚಲು ಗಿಡಗಳು ಬೇರು ಬಿಡುವುದು ಅಷ್ಟರಲ್ಲೇ. ಕೆಲವೆಡೆ ಅದು ಮೊಣಕಾಲುದ್ದವೂ ಇರುವುದಿಲ್ಲ. ಬೇಸಿಗೆ ನೀಳವಾದಂತೆ ಈ ಪದರ ದಪ್ಪವಾಗುತ್ತದೆ, ಅಂದರೆ ಅದರ ಕೆಳಗಿನ ಹೆಪ್ಪುನೆಲ ಆ ಮಟ್ಟಿಗೆ ಕಡಿಮೆಯಾಗುತ್ತದೆ. ಆರ್ಕ್ಟಿಕ್ ಪ್ರದೇಶ 1979ರಿಂದೀಚೆಗೆ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು 2022ರ ಅಧ್ಯಯನವೊಂದು ತೋರಿಸಿತು. 2007ರಿಂದ 2016ರವರೆಗಿನ ದಶಕದಲ್ಲೇ ಜಗತ್ತಿನ ಹೆಪ್ಪುನೆಲ ಸರಾಸರಿ 0.29 ಡಿಗ್ರಿ ಬೆಚ್ಚಗಾಯಿತು. ಗಾಳಿಯ ಮಟ್ಟಿಗೆ ಇದು ಸಣ್ಣ ಸಂಖ್ಯೆ. ಹತ್ತಾರು ಅಡಿ ಆಳದ ಮಣ್ಣಿನ ಮಟ್ಟಿಗೆ ಸಣ್ಣದಲ್ಲ.

ಎಚ್ಚರಗೊಳ್ಳುವ ಜೀವಿಗಳು

ಹಿಮಯುಗದಲ್ಲಿ ಸೈಬೀರಿಯಾ, ಅಲಾಸ್ಕಾಗಳ ವಿಶಾಲ ಹುಲ್ಲುಗಾವಲುಗಳ ಮೇಲೆ ಗಾಳಿ ವರ್ಷವರ್ಷವೂ ನಯವಾದ ಧೂಳನ್ನು ತಂದು ಸುರಿಯಿತು. ನೆಲ ಮೇಲೇರಿದಂತೆ ಹೆಪ್ಪೂ ಮೇಲೇರಿತು. ಹುಲ್ಲಿನ ಬೇರು, ಎಲೆ, ಪ್ರಾಣಿಗಳ ಸಗಣಿ ಕೊಳೆಯುವ ಮುನ್ನವೇ ಚಳಿಗೆ ಸಿಕ್ಕಿ ಹಾಗೆಯೇ ಉಳಿದವು. ಹೀಗೆ ಉತ್ತರದ ಹೆಪ್ಪುನೆಲದಲ್ಲಿ ಸೇರಿರುವ ಇಂಗಾಲ ಸುಮಾರು ಒಂದೂವರೆ ಲಕ್ಷ ಕೋಟಿ ಟನ್. ಇಂದಿನ ವಾತಾವರಣದಲ್ಲಿರುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು.

ಆ ಇಂಗಾಲ ಹೊರಬರಬೇಕಾದರೆ ಮಂಜು ಕರಗಿದರಷ್ಟೇ ಸಾಲದು. ಅದನ್ನು ಯಾರಾದರೂ ತಿನ್ನಬೇಕು. ತಿನ್ನುವವರು ಅದೇ ಮಣ್ಣಿನಲ್ಲಿ ಅದೇ ಕಾಲದಿಂದ ನಿಶ್ಚಲವಾಗಿರುವ ಸೂಕ್ಷ್ಮಜೀವಿಗಳು. ಅವಕ್ಕೆ ಎಚ್ಚರವಾಗಲು ಎಷ್ಟು ಹೊತ್ತು ಬೇಕು? ಕೊಲೊರಾಡೊ ಬೋಲ್ಡರ್ ವಿಶ್ವವಿದ್ಯಾಲಯದ ಟ್ರಿಸ್ಟನ್ ಕ್ಯಾರೊ ಮತ್ತು ಸಂಗಡಿಗರು ಮೇಲೆ ಹೇಳಿದ ಫಾಕ್ಸ್ ಸುರಂಗದ ಗೋಡೆಗಳಿಂದಲೇ ಮಾದರಿಗಳನ್ನು ತೆಗೆದರು. ಕೆಲವು ಮಾದರಿಗಳ ವಯಸ್ಸು ಸುಮಾರು 40 ಸಾವಿರ ವರ್ಷ. ಅವಕ್ಕೆ ನೀರುಣಿಸಿ 4 ಡಿಗ್ರಿ, 12 ಡಿಗ್ರಿ ತಾಪಮಾನಗಳಲ್ಲಿ, ಅಂದರೆ ಅಲಾಸ್ಕಾದ ಬೇಸಿಗೆಯ ಮಣ್ಣಿನಲ್ಲಿ ಇರಬಹುದಾದಷ್ಟೇ ಬೆಚ್ಚಗೆ ಇಟ್ಟು ತಿಂಗಳುಗಟ್ಟಲೆ ಕಾದರು.

2025ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರ. ಮೊದಲ ತಿಂಗಳು ಹೆಚ್ಚೇನೂ ನಡೆಯಲಿಲ್ಲ. ದಿನಕ್ಕೆ ಲಕ್ಷ ಕೋಶಗಳಲ್ಲಿ ಒಂದಷ್ಟೇ ಹೊಸದಾಗಿ ಹುಟ್ಟುವಷ್ಟು ಮಂದಗತಿ. ಆರು ತಿಂಗಳಾಗುವಷ್ಟರಲ್ಲಿ ಕೆಲವು ಮಾದರಿಗಳಲ್ಲಿ ಬರಿಗಣ್ಣಿಗೆ ಕಾಣುವ ಲೋಳೆಪದರವೇ ಬೆಳೆದಿತ್ತು. ನನಗೆ ಇದರಲ್ಲಿ ಬಹಳ ಮುಖ್ಯವೆನಿಸಿದ್ದು ಒಂದು ಸೂಚನೆ: ಎರಡು ದಿನದ ಸುಡುಬಿಸಿಲಿಗಿಂತ ಬೇಸಿಗೆಯ ಉದ್ದವೇ ಹೆಚ್ಚು ಅಪಾಯಕಾರಿ. ವಸಂತ ಬೇಗ ಬಂದು ಶರತ್ಕಾಲ ತಡವಾಗಿ ಹೊರಟರೆ ಈ ಜೀವಿಗಳಿಗೆ ಬೇಕಾದ ಕಾಲಾವಕಾಶ ಸಿಕ್ಕಿಬಿಡುತ್ತದೆ. ಆರ್ಕ್ಟಿಕ್‌ನಲ್ಲಿ ಆಗುತ್ತಿರುವುದು ಅದೇ.

ಎಚ್ಚೆತ್ತ ಜೀವಿಗಳು ಯಾವ ಅನಿಲ ಬಿಡುತ್ತವೆ ಎಂಬುದು ನೀರನ್ನು ಅವಲಂಬಿಸಿದೆ. ಮಣ್ಣು ಬಸಿದು ಗಾಳಿಯಾಡುವಂತಿದ್ದರೆ ಇಂಗಾಲದ ಡೈಆಕ್ಸೈಡ್. ನೀರು ನಿಂತು ಗಾಳಿ ಕಟ್ಟಿದರೆ ಮಿಥೇನ್. ಭತ್ತದ ಗದ್ದೆಯ ಕೆಸರಿಗೆ ಕಾಲಿಟ್ಟಾಗ ಬುಳಬುಳನೆ ಏಳುವ ಗುಳ್ಳೆಗಳಲ್ಲಿ ಇರುವುದೂ ಅದೇ ಅನಿಲ, ಹುಟ್ಟುವ ಬಗೆಯೂ ಅದೇ. ನೂರು ವರ್ಷಗಳ ಲೆಕ್ಕದಲ್ಲಿ ಮಿಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ.

ಬಟಗೈಕಾದ ಬಾಯಿ

ನೆಲ ಮೇಲಿನಿಂದ ಕೆಳಕ್ಕೆ ಸೆಂಟಿಮೀಟರ್ ಲೆಕ್ಕದಲ್ಲಿ ಕರಗುವುದು ಒಂದು ಬಗೆ. ಮಣ್ಣಿಗಿಂತ ಮಂಜೇ ಹೆಚ್ಚಿರುವ ಕಡೆ ಕತೆ ಬೇರೆ. ಅಲ್ಲಿ ಮಂಜು ನೀರಾದರೆ ನೆಲಕ್ಕೆ ಆಧಾರವೇ ಇರುವುದಿಲ್ಲ, ಒಮ್ಮೆಲೇ ಕುಸಿಯುತ್ತದೆ.

ಯಾಕುತಿಯಾದ ವೆರ್ಖೊಯಾನ್ಸ್ಕ್ ಸೀಮೆಯಲ್ಲಿ, ಬಟಗಾಯ್ ಪಟ್ಟಣದ ಬಳಿ ಇದಕ್ಕೆ ದೊಡ್ಡ ಸಾಕ್ಷಿಯಿದೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿ ಕಾಡು ಕಡಿದರು. ನೆರಳು ಹೋಯಿತು, ಪಾಚಿಯ ಹೊದಿಕೆ ಹರಿಯಿತು, ಬಿಸಿಲು ನೆಲಕ್ಕೆ ಇಳಿಯಿತು. ಮೊದಲು ಕಾಣಿಸಿದ್ದು ಬರಿಯ ಕೊರಕಲು. ಇಂದು ಬಟಗೈಕಾ ಎಂಬ ಆ ಕುಸಿತದ ಅಗಲ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಸುತ್ತಲಿನ ಜನ ಅದನ್ನು ಪಾತಾಳದ ಬಾಗಿಲು ಎನ್ನುತ್ತಾರೆ. 2024ರ ಅಧ್ಯಯನದ ಪ್ರಕಾರ ಅದು ವರ್ಷಕ್ಕೆ ಸುಮಾರು ಹತ್ತು ಲಕ್ಷ ಘನ ಮೀಟರ್‌ನಷ್ಟು ಹಿಗ್ಗುತ್ತಿದೆ. ಜೊತೆಗೆ ವರ್ಷಕ್ಕೆ ನಾಲ್ಕೈದು ಸಾವಿರ ಟನ್ ಸಾವಯವ ಇಂಗಾಲ ಹೆಪ್ಪಿನಿಂದ ಕಳಚಿಕೊಳ್ಳುತ್ತಿದೆ. ಅದರ ತಳದ ಪದರಗಳಿಗೆ ಆರೂವರೆ ಲಕ್ಷ ವರ್ಷ ವಯಸ್ಸಾಗಿರಬಹುದೆಂದು ಅಂದಾಜು. 42 ಸಾವಿರ ವರ್ಷ ಹಳೆಯ ಕುದುರೆಮರಿಯೊಂದು 2018ರಲ್ಲಿ ಚರ್ಮ, ರೋಮ ಸಮೇತ ಸಿಕ್ಕಿದ್ದೂ ಅಲ್ಲೇ.

ಅದೇ ವೆರ್ಖೊಯಾನ್ಸ್ಕ್‌ನಲ್ಲಿ 2020ರ ಜೂನ್ 20ರಂದು 38 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಜಗತ್ತಿನ ಅತಿ ಚಳಿಯ ಊರುಗಳಲ್ಲಿ ಒಂದೆಂದು ಹೆಸರಾದ ಊರದು. ವಿಶ್ವ ಹವಾಮಾನ ಸಂಸ್ಥೆ ಅದನ್ನು ಆರ್ಕ್ಟಿಕ್‌ನ ಗರಿಷ್ಠ ತಾಪಮಾನವೆಂದು ಮಾನ್ಯ ಮಾಡಿತು.

ಬಟಗೈಕಾದಂಥ ಹಠಾತ್ ಕುಸಿತಕ್ಕೆ ಈಡಾಗಬಹುದಾದ ಭಾಗ ಒಟ್ಟು ಹೆಪ್ಪುನೆಲದ ಐದನೇ ಒಂದರಷ್ಟೂ ಇಲ್ಲ. ಆದರೆ ಒಟ್ಟು ಇಂಗಾಲದ ಅರ್ಧದಷ್ಟು ಅದರಿಂದ ಅಲುಗಾಡಬಹುದು ಎಂದು ಮೆರಿಟ್ ಟುರೆಟ್‌ಸ್ಕಿ ಮತ್ತು ಸಂಗಡಿಗರು 2020ರಲ್ಲಿ ಎಚ್ಚರಿಸಿದ್ದರು. ಕಾಳ್ಗಿಚ್ಚು ಪಾಚಿಯ ಹೊದಿಕೆಯನ್ನು ಸುಟ್ಟು ಇದಕ್ಕೆ ದಾರಿ ಮಾಡುತ್ತದೆ. ಬೀವರ್ ಎಂಬ ಪ್ರಾಣಿಯೂ ಸೇರಿಕೊಂಡಿದೆ. ಪೊದೆಗಿಡಗಳು ಉತ್ತರಕ್ಕೆ ಸರಿದಂತೆ ಅವೂ ಸರಿದು, ತೊರೆಗಳಿಗೆ ಒಡ್ಡು ಕಟ್ಟುತ್ತಿವೆ. ಆರ್ಕ್ಟಿಕ್ ಅಲಾಸ್ಕಾದಲ್ಲಿ ಉಪಗ್ರಹ ಚಿತ್ರಗಳು ಗುರುತಿಸಿದ ಬೀವರ್ ಕೊಳಗಳು ಹತ್ತು ಸಾವಿರಕ್ಕೂ ಹೆಚ್ಚು. ನಿಂತ ನೀರಿನ ಶಾಖ ಕೆಳಗಿನ ನೆಲಕ್ಕೆ ಇಳಿಯುತ್ತದೆ.

ಸಿಡಿಯುವುದಿಲ್ಲ, ನಿಲ್ಲುವುದೂ ಇಲ್ಲ

ಹಾಗಾದರೆ ಒಂದು ಗೆರೆ ದಾಟಿದೊಡನೆ ಇಡೀ ಹೆಪ್ಪುನೆಲ ತನ್ನಷ್ಟಕ್ಕೆ ಕರಗಿಬಿಡುತ್ತದೆಯೇ? ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ಯಾನ್ ನಿಟ್ಸ್‌ಬಾನ್ ಮತ್ತು ಸಹೋದ್ಯೋಗಿಗಳು 2024ರಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡರು. ಅವರ ಉತ್ತರ: ಅಂಥ ಒಂದೇ ಜಾಗತಿಕ ಗೆರೆಗೆ ಆಧಾರವಿಲ್ಲ. ಒಂದು ಇಳಿಜಾರು ಇಂದು ಕುಸಿಯುತ್ತದೆ, ಇನ್ನೊಂದು ಮೂವತ್ತು ವರ್ಷ ಕಳೆದು. ಎಲ್ಲವನ್ನೂ ಕೂಡಿಸಿದರೆ ಕರಗುವಿಕೆ ಜಾಗತಿಕ ತಾಪಮಾನದ ಜೊತೆಜೊತೆಗೇ ಏರುತ್ತ ಹೋಗುತ್ತದೆ.

ಇದನ್ನು ಸಮಾಧಾನದ ಸುದ್ದಿಯೆಂದು ಓದಿದವರಿದ್ದಾರೆ. ಅದು ತಪ್ಪು ಓದು. ಗೆರೆಯೊಂದಿದ್ದರೆ ಅದರ ಈಚೆಗೆ ಇರುವಷ್ಟು ಕಾಲ ಕ್ಷೇಮವೆಂದಾದರೂ ಅನ್ನಬಹುದಿತ್ತು. ಗೆರೆಯೇ ಇಲ್ಲದಿದ್ದರೆ ಈಗಾಗಲೇ ಆಗಿರುವ ಬಿಸಿಯೂ ಲೆಕ್ಕಕ್ಕೆ ಬರುತ್ತದೆ, ನಾಳೆಯದೂ ಬರುತ್ತದೆ. ಹಾಗೆಯೇ, ಇನ್ನು ಕೈಮೀರಿತು ಎಂದು ಕೈಚೆಲ್ಲಲು ಕೂಡ ಇದರಲ್ಲಿ ನೆಪ ಸಿಗುವುದಿಲ್ಲ. ತಡೆದ ಪ್ರತಿ ಕಾಲು ಡಿಗ್ರಿಗೂ ಅಷ್ಟು ನೆಲ ಉಳಿಯುತ್ತದೆ.

ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ತನ್ನ ಆರನೇ ವರದಿಯಲ್ಲಿ ಇದಕ್ಕೊಂದು ಅಂಕಿ ಕೊಟ್ಟಿದೆ. ಜಾಗತಿಕ ತಾಪಮಾನ ಒಂದು ಡಿಗ್ರಿ ಏರಿದರೆ 2100ರ ಹೊತ್ತಿಗೆ ಹೆಪ್ಪುನೆಲದಿಂದ ಡೈಆಕ್ಸೈಡ್ ರೂಪದಲ್ಲಿ ಹೊರಬರುವ ಇಂಗಾಲ ಸುಮಾರು 1,800 ಕೋಟಿ ಟನ್. ಇದು 300 ಕೋಟಿಯಷ್ಟು ಕಡಿಮೆಯೂ ಇರಬಹುದು, 4,100 ಕೋಟಿಯಷ್ಟು ಹೆಚ್ಚೂ ಇರಬಹುದು. ಮನುಷ್ಯರು ಈಗ ವರ್ಷಕ್ಕೆ ಬಿಡುತ್ತಿರುವುದು ಸುಮಾರು 1,100 ಕೋಟಿ ಟನ್ ಇಂಗಾಲ. ಅಂದರೆ ದೊಡ್ಡ ಅಪರಾಧಿ ಇಂದಿಗೂ ಕಲ್ಲಿದ್ದಲು, ತೈಲ, ಅನಿಲಗಳೇ. ಹೆಪ್ಪುನೆಲ ಮಾಡುವುದು ನಮಗೆ ಉಳಿದಿರುವ ಅವಕಾಶವನ್ನು ಸದ್ದಿಲ್ಲದೆ ಕಡಿತಗೊಳಿಸುವ ಕೆಲಸ.

ಆ ಕಡಿತ ಆರಂಭವಾಗಿದೆ. ಸುಮಾರು 200 ಅಧ್ಯಯನ ತಾಣಗಳ ಮೂರು ದಶಕಗಳ ಮಾಪನಗಳನ್ನು ಜೋಡಿಸಿದ ಸಂಶೋಧನೆಯೊಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಆರ್ಕ್ಟಿಕ್ ಮತ್ತು ಅದರ ದಕ್ಷಿಣದ ಕಾಡುಗಳ ವಲಯದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಈಗ ಇಂಗಾಲ ಹೀರುವ ಬದಲು ಉಗುಳುತ್ತಿದೆ. ಕಾಳ್ಗಿಚ್ಚನ್ನೂ ಸೇರಿಸಿದರೆ ಅದು ಶೇ 40. ಇದಕ್ಕೆ ಒಂದು ತಿಂಗಳ ಮೊದಲು ಅಮೆರಿಕದ ಸಾಗರ ಮತ್ತು ವಾತಾವರಣ ಆಡಳಿತದ ವಾರ್ಷಿಕ ಆರ್ಕ್ಟಿಕ್ ವರದಿಯೂ ಟಂಡ್ರಾ ಎಂಬ ಮರಗಳಿಲ್ಲದ ಬಯಲಿನ ಬಗ್ಗೆ ಇದನ್ನೇ ಹೇಳಿತ್ತು.

ಕಿತ್ತಳೆ ಬಣ್ಣದ ಹೊಳೆಗಳು

ಕರಗುವಿಕೆ ಗಾಳಿಯನ್ನಷ್ಟೇ ಬದಲಿಸುವುದಿಲ್ಲ. ಉತ್ತರ ಅಲಾಸ್ಕಾದ ಬ್ರೂಕ್ಸ್ ಪರ್ವತಶ್ರೇಣಿಯಲ್ಲಿ ಕಳೆದ ದಶಕದಿಂದ ತಿಳಿನೀರಿನ ತೊರೆಗಳು ಒಂದೊಂದಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಗಣಿಯಾಗಲಿ ಕಾರ್ಖಾನೆಯಾಗಲಿ ಹತ್ತಿರವಿಲ್ಲದ ನಿರ್ಜನ ಜಾಗಗಳವು. 2024ರಲ್ಲಿ ಸಂಶೋಧಕರು ಇಂಥ 75 ಹೊಳೆ, ತೊರೆಗಳನ್ನು ಪಟ್ಟಿ ಮಾಡಿದರು. ಕಾರಣ ನೆಲದಡಿಯ ಖನಿಜಗಳು. ಹೆಪ್ಪು ಸಡಿಲವಾದಂತೆ ನೀರು, ಆಮ್ಲಜನಕ ಒಳಗಿಳಿದು ಗಂಧಕಯುಕ್ತ ಬಂಡೆಗಳನ್ನು ಮುಟ್ಟುತ್ತವೆ, ಆಮ್ಲ ಹುಟ್ಟುತ್ತದೆ, ಕಬ್ಬಿಣದ ಜೊತೆ ಬೇರೆ ಲೋಹಗಳೂ ಕರಗಿ ಹೊಳೆ ಸೇರುತ್ತವೆ.

ಕೋಬುಕ್ ಕಣಿವೆಯ ರಾಷ್ಟ್ರೀಯ ಉದ್ಯಾನದಲ್ಲಿ ಅಕಿಲಿಕ್ ನದಿಯ ಕವಲೊಂದು 2018ರಲ್ಲಿ ಹೀಗೆ ಬಣ್ಣ ಬದಲಿಸಿದಾಗ ಅಲ್ಲಿನ ಮರಿಮೀನುಗಳು ಕಾಣೆಯಾದವು. ಮೀನೇ ಅನ್ನವಾಗಿರುವ ಮೂಲನಿವಾಸಿ ಹಳ್ಳಿಗಳು ಇಂಥ ನದಿಗಳ ಕೆಳಪಾತ್ರಗಳಲ್ಲಿವೆ. ಗಣಿ ಕೆಡಿಸಿದ ನೀರನ್ನು ಗಣಿಯ ಬಾಯಲ್ಲಿ ಹಿಡಿದು ಶುದ್ಧ ಮಾಡಬಹುದು. ಇಡೀ ಪರ್ವತದ ಮೈಯಿಂದ ಒಸರುವುದನ್ನು ಎಲ್ಲಿ ಹಿಡಿಯುವುದು?

ಮನೆ, ಟ್ಯಾಂಕು, ರಾಗಿ

ಯಾಕುತ್ಸ್ಕ್‌ನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಅಲ್ಲಿನ ಬಹುಮಹಡಿ ಕಟ್ಟಡಗಳು ಆಳಕ್ಕೆ ಇಳಿಸಿದ ಕಾಂಕ್ರೀಟ್ ಕಂಬಗಳ ಮೇಲೆ ನೆಲಕ್ಕೆ ತಾಗದಂತೆ ನಿಂತಿವೆ. ಮನೆಯೊಳಗಿನ ಬಿಸಿ ಮಣ್ಣಿಗೆ ಇಳಿಯದಿರಲಿ, ಚಳಿಗಾಲದ ಗಾಳಿ ಅಡಿಯಲ್ಲಿ ಹಾದು ನೆಲವನ್ನು ಗಟ್ಟಿ ಮಾಡಲಿ ಎಂದು. ಅಲಾಸ್ಕಾದ 1,287 ಕಿಲೋಮೀಟರ್ ಉದ್ದದ ತೈಲದ ಕೊಳವೆ ಕೂಡ ಅರ್ಧಕ್ಕಿಂತ ಹೆಚ್ಚು ದೂರ ಕಂಬಗಳ ಮೇಲೆಯೇ ಸಾಗುತ್ತದೆ. ಅನೇಕ ಕಂಬಗಳೊಳಗೆ ನೆಲದ ಶಾಖವನ್ನು ಮೇಲೆತ್ತಿ ಗಾಳಿಗೆ ಬಿಡುವ ಅಮೋನಿಯ ತುಂಬಿದ ನಳಿಕೆಗಳಿವೆ. ಈ ಎಲ್ಲ ಜಾಣ್ಮೆಯ ಹಿಂದೆ ಇದ್ದದ್ದು ಒಂದೇ ನಂಬಿಕೆ: ಕೆಳಗಿನ ನೆಲ ಹೆಪ್ಪಾಗಿಯೇ ಇರುತ್ತದೆ.

ಹೆಪ್ಪುನೆಲದ ಮೇಲಿನ ರಸ್ತೆ, ಕಟ್ಟಡ, ಕೊಳವೆಗಳಲ್ಲಿ ಶೇ 70ರಷ್ಟು 2050ರೊಳಗೆ ಮೇಲ್ಪದರ ಕರಗುವ ಸಾಧ್ಯತೆ ಹೆಚ್ಚಿರುವ ಜಾಗಗಳಲ್ಲಿವೆ ಎಂದು 2018ರ ಅಧ್ಯಯನ ಅಂದಾಜಿಸಿತು. 2020ರ ಮೇ 29ರಂದು ಸೈಬೀರಿಯಾದ ನೊರಿಲ್ಸ್ಕ್ ಬಳಿ ವಿದ್ಯುತ್ ಸ್ಥಾವರವೊಂದರ ಇಂಧನ ಟ್ಯಾಂಕು ಕುಸಿದು ಸುಮಾರು 21 ಸಾವಿರ ಟನ್ ಡೀಸೆಲ್ ಚೆಲ್ಲಿತು. ಅಂಬರ್ನಾಯಾ ನದಿ ಕೆಂಪಾಯಿತು. ಸ್ಥಾವರದ ಕಂಪನಿ ಕರಗಿದ ನೆಲವನ್ನು ಬೊಟ್ಟು ಮಾಡಿದರೆ, ತನಿಖೆ ನಿರ್ಮಾಣದ ಲೋಪಗಳನ್ನು ಎತ್ತಿ ತೋರಿಸಿತು. ನೆಲ ಬದಲಾಗುತ್ತಿದೆ ಎಂದು ಗೊತ್ತಿದ್ದೂ ಅಡಿಪಾಯ ನೋಡದಿರುವುದು ಪ್ರಕೃತಿಯ ತಪ್ಪಲ್ಲ.

ಅಲಾಸ್ಕಾದ ನ್ಯೂಟಾಕ್ ಎಂಬ ಯುಪಿಕ್ ಜನರ ಹಳ್ಳಿ ಊರನ್ನೇ ಬಿಡಬೇಕಾಯಿತು. ಕರಗಿದ ದಡವನ್ನು ನಿಂಗ್ಲಿಕ್ ನದಿ ಕಬಳಿಸುತ್ತ ಮನೆಗಳ ಹತ್ತಿರ ಬಂದಿತ್ತು. ಮೆರ್ಟಾರ್ವಿಕ್ ಎಂಬ ಹೊಸ ಜಾಗಕ್ಕೆ ಮೊದಲ ಕುಟುಂಬಗಳು 2019ರಲ್ಲಿ ಹೋದವು, ಕೊನೆಯವು 2024ರಲ್ಲಿ. ಕೆಲವು ನೂರು ಜನರ ಸ್ಥಳಾಂತರಕ್ಕೆ ಯೋಜನೆಯಿಂದ ಮುಕ್ತಾಯದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು.

ನಮ್ಮ ರಾಗಿಯೂ ಈ ಹೆಪ್ಪನ್ನು ನಂಬಿದೆ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ, ಬೆಟ್ಟದೊಳಗೆ 2008ರಲ್ಲಿ ಆರಂಭವಾದ ಜಾಗತಿಕ ಬೀಜಭಂಡಾರಕ್ಕೆ ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾಗಳ ಜೊತೆ ರಾಗಿಯ ತಳಿಗಳನ್ನೂ ಕಳಿಸಿದೆ. ವಿದ್ಯುತ್ ಕೈಕೊಟ್ಟರೂ ಸುತ್ತಲಿನ ನೆಲವೇ ಬೀಜಗಳನ್ನು ತಂಪಾಗಿಡುತ್ತದೆ ಎಂಬುದು ಆ ಜಾಗ ಆರಿಸಲು ಒಂದು ಕಾರಣ. 2016ರಲ್ಲಿ ಅದರ ಪ್ರವೇಶ ಸುರಂಗಕ್ಕೆ ನೀರು ನುಗ್ಗಿತು. ಬೀಜಗಳಿಗೆ ಏನೂ ಆಗಲಿಲ್ಲ. ಆದರೂ ಸುರಂಗವನ್ನು ನೀರು ಸೋರದಂತೆ ಮತ್ತೆ ಕಟ್ಟಬೇಕಾಯಿತು.

ಹಳೆಯ ರೋಗ, ಕಾಣದ ರಷ್ಯಾ

2016ರ ಬೇಸಿಗೆಯಲ್ಲಿ ಸೈಬೀರಿಯಾದ ಯಮಾಲ್‌ನಲ್ಲಿ ಆಂತ್ರಾಕ್ಸ್ ಎದ್ದಿತು. ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು; ಹನ್ನೆರಡು ವರ್ಷದ ಹುಡುಗನೂ ಬಲಿಯಾದ. ಅಲ್ಲಿ 1941ರಿಂದ ರೋಗದ ಸುಳಿವಿರಲಿಲ್ಲ. ಸೋಂಕಿನಿಂದ ಹಿಂದೆಂದೋ ಸತ್ತ ಪ್ರಾಣಿಗಳ ಕಳೇಬರವಿದ್ದ ಮಣ್ಣು ಆ ವರ್ಷದ ಬಿಸಿಗೆ ಕರಗಿ ರೋಗಾಣು ಮೇಲೆ ಬಂತೆಂದು ತಜ್ಞರು ನಂಬುತ್ತಾರೆ. ಸಾರಂಗಗಳಿಗೆ ಲಸಿಕೆ ಹಾಕುವುದನ್ನು 2007ರಲ್ಲೇ ನಿಲ್ಲಿಸಲಾಗಿತ್ತು ಎಂಬುದನ್ನೂ ಸೇರಿಸಿ ಓದಬೇಕು. ಸಾವಿರಾರು ವರ್ಷ ಹಳೆಯ ವೈರಾಣುಗಳ ಬಗ್ಗೆ ಹುಟ್ಟುವ ರೋಚಕ ಸುದ್ದಿಗಳಿಗಿಂತ ಇಂಥ ಪರಿಚಿತ ರೋಗಗಳೇ ಹೆಚ್ಚು ಗಮನ ಬೇಡುತ್ತವೆ.

ಆದರೆ ಗಮನಿಸುವುದೇ ಕಷ್ಟವಾಗಿದೆ. ರಷ್ಯಾದ ಮೂರನೇ ಎರಡರಷ್ಟು ನೆಲದ ಅಡಿಯಲ್ಲಿ ಹೆಪ್ಪಿದೆ. ಉಕ್ರೇನ್ ಮೇಲಿನ 2022ರ ಆಕ್ರಮಣದ ನಂತರ ಅಲ್ಲಿನ ವಿಜ್ಞಾನಿಗಳೊಂದಿಗೆ ಪಾಶ್ಚಾತ್ಯ ದೇಶಗಳ ಸಹಕಾರ ಬಹುಪಾಲು ಕಡಿದುಹೋಯಿತು. ರಷ್ಯಾದ ಕೇಂದ್ರಗಳನ್ನು ಬಿಟ್ಟು ಆರ್ಕ್ಟಿಕ್ ಲೆಕ್ಕ ಹಾಕಿದರೆ ಚಿತ್ರವೇ ಓರೆಯಾಗುತ್ತದೆ ಎಂದು 2024ರ ಅಧ್ಯಯನವೊಂದು ತೋರಿಸಿದೆ. ಉಪಗ್ರಹಕ್ಕೆ ನೆಲದ ಮೇಲ್ಮೈ ಕಾಣುತ್ತದೆ. ಇಪ್ಪತ್ತು ಮೀಟರ್ ಆಳದ ತಾಪಮಾನ ತಿಳಿಯಲು ಕೊಳವೆ ಕೊರೆದು ಸಂವೇದಕ ಇಳಿಸಲೇಬೇಕು.

ತೀಸ್ತಾ ಕಣಿವೆಯ ಮೇಲೆ

ಹೆಪ್ಪುನೆಲ ಸಡಿಲವಾಗುವುದು ಭಾರತಕ್ಕೆ ದೂರದ ಸಂಗತಿಯಲ್ಲ. 2023ರ ಅಕ್ಟೋಬರ್ 3ರ ರಾತ್ರಿ ಸಿಕ್ಕಿಂನ ದಕ್ಷಿಣ ಲೋನಾಕ್ ಸರೋವರ ಒಡೆದು ತೀಸ್ತಾ ಕಣಿವೆ ಕೊಚ್ಚಿಹೋಯಿತು. 55 ಜನ ಸತ್ತರು, 74 ಮಂದಿ ಕಾಣೆಯಾದರು. ಚುಂಗ್‌ಥಾಂಗ್‌ನಲ್ಲಿ 1,200 ಮೆಗಾವ್ಯಾಟ್ ಸಾಮರ್ಥ್ಯದ ತೀಸ್ತಾ-3 ಯೋಜನೆಯ ಅಣೆಕಟ್ಟೆ ನಾಶವಾಯಿತು. ಆಗ ಎಲ್ಲರೂ ಕೇಳಿದ್ದು ಮೇಘಸ್ಫೋಟವೇ, ಹಿಮನದಿಯೇ ಎಂದು.

ಆಶಿಮ್ ಸತ್ತಾರ್ ಮತ್ತು ಹಲವು ದೇಶಗಳ ವಿಜ್ಞಾನಿಗಳು 2025ರ ಆರಂಭದಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಸರೋವರದ ಪಕ್ಕದಲ್ಲಿ ಹಿಮನದಿ ಎಂದೋ ರಾಶಿ ಹಾಕಿಹೋದ ಕಲ್ಲುಮಣ್ಣಿನ ದಿಬ್ಬವಿತ್ತು. ಅದನ್ನು ಹಿಡಿದಿಟ್ಟಿದ್ದದ್ದು ಹೆಪ್ಪು. ಅದರಿಂದ ಸುಮಾರು 1.47 ಕೋಟಿ ಘನ ಮೀಟರ್ ಮಣ್ಣುಕಲ್ಲು ಒಮ್ಮೆಲೇ ನೀರಿಗೆ ಜಾರಿತು. ಹತ್ತಿರ ಹತ್ತಿರ 20 ಮೀಟರ್ ಎತ್ತರದ ಅಲೆ ಎದ್ದು ಸರೋವರದ ಕಟ್ಟೆಯನ್ನು ಕತ್ತರಿಸಿತು. ಆ ದಿಬ್ಬ ದುರಂತಕ್ಕೆ ವರ್ಷಗಳ ಮೊದಲಿನಿಂದಲೂ ಜರುಗುತ್ತಿತ್ತು ಎಂಬುದು ಹಳೆಯ ಉಪಗ್ರಹ ಚಿತ್ರಗಳಲ್ಲಿ ಸಿಕ್ಕಿತು. ದುರಂತವಾದ ಮೇಲೆ.

ಭಾರತ 2008ರಿಂದ ಸ್ವಾಲ್ಬಾರ್ಡ್‌ನಲ್ಲಿ ಹಿಮಾದ್ರಿ ಎಂಬ ಸಂಶೋಧನಾ ಕೇಂದ್ರ ನಡೆಸುತ್ತಿದೆ, 2022ರಲ್ಲಿ ಆರ್ಕ್ಟಿಕ್ ನೀತಿಯನ್ನೂ ಪ್ರಕಟಿಸಿದೆ. ಉತ್ತರ ಧ್ರುವದ ನೆಲ ಅಳೆಯಲು ಕಲಿತ ಕೈಗಳು ಹಿಮಾಲಯದ ಇಳಿಜಾರುಗಳಲ್ಲೂ ಅದೇ ಶ್ರದ್ಧೆಯಿಂದ ಕೊಳವೆ ಕೊರೆದು ಸಂವೇದಕಗಳನ್ನು ಇಳಿಸಬೇಕು, ಅದರ ಅಂಕಿಅಂಶ ಕಣಿವೆಯ ಜನರಿಗೆ ಸಿಗುವಂತಿರಬೇಕು. ಕೊಚ್ಚಿಹೋದ ತೀಸ್ತಾ-3 ಅಣೆಕಟ್ಟೆಯನ್ನು ಇನ್ನಷ್ಟು ಎತ್ತರಿಸಿ ಮತ್ತೆ ಕಟ್ಟುವ ಪ್ರಸ್ತಾವಕ್ಕೆ ಕೇಂದ್ರ ಪರಿಸರ ಸಚಿವಾಲಯದ ತಜ್ಞರ ಸಮಿತಿ 2025ರ ಜನವರಿಯಲ್ಲಿ ಶಿಫಾರಸು ನೀಡಿತು. ಸತ್ತಾರ್ ತಂಡದ ವರದಿ ಹೊರಬಂದದ್ದೂ ಅದೇ ತಿಂಗಳು.